ಲಿಂಗೈಕ್ಯನಿಗೆ ಯಾವ ಬೆಡಗು?

ಸುಗ್ಗಿ ಮುಗಿದು ಕಣದ ಕಾಳು ಮನೆ ಸೇರಿದ ಮೇಲೆ ದಾವಣಗೆರೆ, ಹರಿಹರ ಸುತ್ತಿನ ಹಳ್ಳಿಗಳಿಗೆ ಮನೆತನಗಳ ವಂಶಾವಳಿ ಓದುವ ಹೆಳವರು ಬರುತ್ತಾರೆ. ಹಿಂದೆ ಎತ್ತಿನ ಮೇಲೆ ಕೂತು ಗಂಟೆ ಬಾರಿಸುತ್ತ ಬರುತ್ತಿದ್ದವರು, ಈಗ ಬಸ್ಸಿಗೋ ಬೈಕಿಗೋ ಬರುತ್ತಾರೆ. ಜಗಲಿಯ ಮೇಲೆ ಹಾಸಿದ ಕಂಬಳಿಯಲ್ಲಿ ಕೂತು, ಬಟ್ಟೆಯ ಗಂಟು ಬಿಚ್ಚಿ, ಅಂಚು ಸವೆದ ಪುಸ್ತಕ ಹೊರತೆಗೆಯುತ್ತಾರೆ. ಮನೆಯ ಹಿರಿಯರು ಎದುರು ಬಂದು ಕೂತ ಮೇಲೆ ಓದು ಶುರುವಾಗುತ್ತದೆ. ಮೊದಲು ಮೂಲ ಊರು, ಆಮೇಲೆ ಬೆಡಗು ಅಂದರೆ ಕುಲದ ಹೆಸರು, ಮನೆದೇವರು, ಅದಾದ ಮೇಲೆ ಹೆಸರುಗಳ ಸಾಲು. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ರೂಢಿಯಿಂದ ಬಸಪ್ಪ, ನಿಂಗಪ್ಪಂದಿರು ಒಂದು ತಲೆ ಬಿಟ್ಟು ಇನ್ನೊಂದು ತಲೆಗೆ ಮರಳಿ ಬರುತ್ತಲೇ ಇರುತ್ತಾರೆ. ಮನೆಯವರೇ ತಬ್ಬಿಬ್ಬಾದಾಗ ಹೆಳವ ತಿದ್ದುತ್ತಾನೆ: “ಅಲ್ರೀ ಯಜಮಾನ್ರೇ, ಇವ್ರು ಕೆರೆ ಹಿಂದ್ಲ ಹೊಲ ಮಾಡಿದ ದೊಡ್ಡ ಬಸಪ್ಪ. ನಿಮ್ಮಜ್ಜ ಸಣ್ಣ ಬಸಪ್ಪ.” ಓದು ಮುಗಿದ ಮೇಲೆ, ಕಳೆದ ಸಲ ಬಂದುಹೋದ ನಂತರ ಹುಟ್ಟಿದವರ ಹೆಸರು ಸೇರುತ್ತದೆ. ಕಾಳು, ಬಟ್ಟೆ, ದುಡ್ಡು, ಅನುಕೂಲಸ್ಥರಾದರೆ ಒಂದು ಕರು ಕಾಣಿಕೆಯಾಗಿ ಸಲ್ಲುತ್ತದೆ.

ಎಡ್ಗರ್ ಥರ್ಸ್ಟನ್ 1909ರಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ಜಾತಿ, ಬುಡಕಟ್ಟುಗಳ ಏಳು ಸಂಪುಟಗಳಲ್ಲಿ ಹೆಳವರಿಗೂ ಜಾಗವಿದೆ. ಬಳ್ಳಾರಿ ಮತ್ತು ಮೈಸೂರು ಸೀಮೆಯಲ್ಲಿ ಹಳ್ಳಿಗಳ ಚರಿತ್ರೆ ಇವರ ವಶದಲ್ಲಿದೆ, ಕಾಲುಗಳನ್ನು ಕಂಬಳಿಯಲ್ಲಿ ಮುಚ್ಚಿಕೊಂಡು ಎತ್ತಿನ ಮೇಲೆ ಬರುತ್ತಾರೆ, ಯುದ್ಧದಲ್ಲಿ ಮಡಿದ ವೀರರ ಹೆಸರನ್ನೂ ಹೇಳುತ್ತಾರೆ ಎಂದು ಅಲ್ಲಿ ದಾಖಲಾಗಿದೆ.

ಹೆಳವರ ಓದನ್ನು ಭಕ್ತಿಯಿಂದ ಕೇಳುವ ಮನೆಗಳಲ್ಲಿ ಲಿಂಗಾಯತರದೂ ದೊಡ್ಡ ಪಾಲು. ಒಂದು ಧಾರ್ಮಿಕ ತೊಡಕು ಹುಟ್ಟುವುದು ಅಲ್ಲಿಯೇ. ಶರಣರ ಮಾರ್ಗದಲ್ಲಿ ದೀಕ್ಷೆ ಪಡೆದವನು ಗುರುವಿನ ಕೈಯಲ್ಲಿ ಮತ್ತೆ ಹುಟ್ಟಿದವನು. ಅವನ ಪೂರ್ವಾಶ್ರಯವನ್ನು ಎತ್ತಿ ಆಡುವಂತಿಲ್ಲ. ಹನ್ನೆರಡನೇ ಶತಮಾನದ ಕಲ್ಯಾಣದಲ್ಲಿ ಬಸವಣ್ಣ ತನ್ನ ಬಂಧುಬಳಗವನ್ನು ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯರ ಮನೆಗಳಲ್ಲಿ ಗುರುತಿಸಿಕೊಂಡ. ಬ್ರಾಹ್ಮಣ ಮೂಲದ ಮಧುವರಸನ ಮಗಳನ್ನು ಸಮಗಾರ ಹರಳಯ್ಯನ ಮಗನಿಗೆ ಕೊಟ್ಟ ಮದುವೆಗೆ ಕಲ್ಯಾಣ ರಕ್ತದ ಬೆಲೆ ತೆತ್ತಿತು ಎಂಬುದು ಪರಂಪರೆಯ ನೆನಪು. ಸತ್ತವರ ಮಾತಿಗೆ ಬಂದರೂ ಹಾಗೆಯೇ. ಕೂತ ಭಂಗಿಯಲ್ಲಿ ಸಮಾಧಿಯಾದವನು ಲಿಂಗದಲ್ಲಿ ಒಂದಾದ ಎಂದ ಮೇಲೆ, ಪಿಂಡಕ್ಕೆ ಕಾದು ಕೂತಿರುವ ಪಿತೃ ಎಲ್ಲಿ? ಲಿಂಗೈಕ್ಯನಾದವನಿಗೆ ಯಾವ ಬೆಡಗು, ಯಾವ ಮೂಲ ಊರು?

ವೈದಿಕ ಶ್ರಾದ್ಧ ಈ ಲೆಕ್ಕವನ್ನು ಬೇರೆ ರೀತಿಯಲ್ಲಿ ಮುಗಿಸಿದೆ. ಅಲ್ಲಿ ಹೆಸರಿಟ್ಟು ಕರೆಯುವುದು ಅಪ್ಪ, ಅಜ್ಜ, ಮುತ್ತಜ್ಜ ಹೀಗೆ ಮೂರೇ ತಲೆ. ವಸು, ರುದ್ರ, ಆದಿತ್ಯ ಸ್ವರೂಪರಾಗಿ. ಅದರ ಆಚೆಗಿನವರ ಹೆಸರು ಕರ್ತೃವಿಗೆ ಗೊತ್ತಿಲ್ಲದಿದ್ದರೂ ಕರ್ಮಕ್ಕೆ ಲೋಪವಿಲ್ಲ. ಶ್ರಾದ್ಧ ಬೇಡವೆಂದ ಮನೆಗಳಲ್ಲಿ ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡುವುದು ಮಾತ್ರ ನಿಂತಿಲ್ಲ. ಮೂರು ತಲೆ ದಾಟಿದವರನ್ನೂ ಹೆಸರಿಟ್ಟು ಕರೆಯುವ ಹೆಳವ ಸಲ್ಲುವುದೂ ಇದೇ ಮನೆಗಳಿಗೆ.

ಸತ್ತವರ ಹೆಸರು ಧರ್ಮಕ್ಕೆ ಏಕೆ ಬೇಕು ಎಂಬ ಪ್ರಶ್ನೆಗೆ ಅಮೆರಿಕದ ಯೂಟಾ ರಾಜ್ಯದ ಮಾರ್ಮನ್ ಪಂಥದವರ ಬಳಿ ನೇರ ಉತ್ತರವಿದೆ. ಬದುಕಿರುವವರು ತಮ್ಮ ಪೂರ್ವಜರ ಪರವಾಗಿ ದೀಕ್ಷಾಸ್ನಾನ ಮಾಡಬಹುದು, ಆದರೆ ಹೆಸರು ಗೊತ್ತಿರಬೇಕು. ಅದಕ್ಕೆಂದೇ ಅವರು 1894ರಲ್ಲಿ ವಂಶಾವಳಿ ಸಂಘ ಕಟ್ಟಿದರು, ಸಾಲ್ಟ್ ಲೇಕ್ ನಗರದ ಸಮೀಪ ಗ್ರಾನೈಟ್ ಬೆಟ್ಟ ಕೊರೆದು ಮೈಕ್ರೋಫಿಲ್ಮುಗಳ ಭಂಡಾರ ಮಾಡಿದರು. ಹರಿದ್ವಾರದ ತೀರ್ಥಪುರೋಹಿತರಾದ ಪಂಡರ ವಂಶಾವಳಿ ಪುಸ್ತಕಗಳಾದ ಬಹಿಗಳೂ ಅವರ ಕ್ಯಾಮೆರಾಕ್ಕೆ ಸಿಕ್ಕಿವೆ. ಹೆಳವನ ಪುಸ್ತಕದಿಂದ ಇಂಥ ಮೋಕ್ಷದ ಪ್ರಯೋಜನವಿಲ್ಲ. ಅದನ್ನು ಓದಿಸಿದ್ದರಿಂದ ಸತ್ತವನಿಗೆ ಸದ್ಗತಿಯಿಲ್ಲ, ಓದಿಸದಿದ್ದರೆ ದೋಷವೂ ಇಲ್ಲ. ಹಾಗಾದರೆ ಅದು ಬದುಕಿರುವವರಿಗೆ ಸಂಬಂಧಿಸಿದ ದಾಖಲೆ.

ಬದುಕಿರುವವರಿಗೆ ಅದು ಏಕೆ ಬೇಕಾಯಿತು ಎಂಬುದನ್ನು ಹರಿಹರದ ಹೊಳೆದಂಡೆ ಹೇಳುತ್ತದೆ. 1953ರವರೆಗೆ ಈ ಊರು ಮೂರು ಆಡಳಿತಗಳ ಗಡಿಯ ಬಳಿ ಇತ್ತು. ಹರಿಹರ, ದಾವಣಗೆರೆ ಮೈಸೂರು ಸಂಸ್ಥಾನಕ್ಕೆ; ತುಂಗಭದ್ರೆಯ ಆಚೆಯ ರಾಣೆಬೆನ್ನೂರು ಸೀಮೆ ಮುಂಬೈ ಪ್ರಾಂತ್ಯಕ್ಕೆ; ಪಕ್ಕದ ಹರಪನಹಳ್ಳಿ ಮದ್ರಾಸಿಗೆ. ಹೊಳೆಗೆ 1868ರಲ್ಲಿ ಸೇತುವೆ ಬಂತು, ಆದರೆ ಕಂದಾಯದ ಕಡತಗಳು ಮಾತ್ರ ಹೊಳೆ ದಾಟಲಿಲ್ಲ. ಅಣ್ಣ ಹರಪನಹಳ್ಳಿ ಕಡೆ, ತಮ್ಮ ಹರಿಹರದಲ್ಲಿ, ಕೊಟ್ಟ ಹೆಣ್ಣುಮಗಳು ರಾಣೆಬೆನ್ನೂರಿನಲ್ಲಿ ಎಂದರೆ ಒಂದೇ ಮನೆತನದ ಲೆಕ್ಕ ಮೂರು ಸರ್ಕಾರಗಳ ಕಚೇರಿಗಳಲ್ಲಿ ಹರಿದು ಹಂಚಿಹೋಯಿತು. ಗಡಿ ಲೆಕ್ಕಿಸದೆ ಒಕ್ಕಲು ಹೋದಲ್ಲಿಗೆ ಹೋದವನು ಹೆಳವ.

ಅಮೆರಿಕದ ಗಡಿನಾಡಿನಲ್ಲಿ ಮೊದಲು ನೆಲೆ ನಿಂತ ಕುಟುಂಬಗಳ ಚರಿತ್ರೆ ಹುಡುಕುವವರಿಗೂ ಇದೇ ಪಾಡು. ಕಚೇರಿ ಹುಟ್ಟುವ ಮೊದಲೇ ಜನ ಕಾಡು ಕಡಿದು ಕೂತಿದ್ದರು. ಹುಟ್ಟು, ಸಾವು, ಮದುವೆಯೆಲ್ಲ ಮನೆಯ ಬೈಬಲ್ಲಿನ ಖಾಲಿ ಹಾಳೆಯಲ್ಲಿ ಬರೆದಿರುತ್ತಿತ್ತು. ಸ್ವಾತಂತ್ರ್ಯ ಯುದ್ಧದಲ್ಲಿ ಕಾದಾಡಿದವರ ವಿಧವೆಯರಿಗೆ ಪಿಂಚಣಿ ಕೊಡುವ ಕಾನೂನು ಬಂದಾಗ, ಮದುವೆಗೆ ಬೇರೆ ಸಾಕ್ಷಿಯಿಲ್ಲದ ಮುದುಕಿಯರು ಆ ಹಾಳೆಯನ್ನೇ ಹರಿದು ವಾಷಿಂಗ್ಟನ್ನಿಗೆ ಕಳಿಸಿದರು. ದೇವರ ಪುಸ್ತಕದ ಆ ಹಾಳೆಗಳು ಇಂದಿಗೂ ಅಲ್ಲಿನ ರಾಷ್ಟ್ರೀಯ ಪತ್ರಾಗಾರದಲ್ಲಿ ಸರ್ಕಾರಿ ಕಾಗದಗಳ ನಡುವೆ ಇವೆ.

ದಾವಣಗೆರೆಯೂ ಬಂದು ಸೇರಿದವರ ಊರೇ. ಸಣ್ಣ ಹಳ್ಳಿಯಾಗಿದ್ದ ಇದನ್ನು ಹೈದರಾಲಿ ಮರಾಠ ಸರದಾರ ಆಪೋಜಿರಾಮನಿಗೆ ಜಹಗೀರು ಕೊಟ್ಟ. ಅವನು ವರ್ತಕರನ್ನು ಕರೆಸಿ ನೆಲೆ ನಿಲ್ಲಿಸಿದ. ಆಮೇಲೆ ಹತ್ತಿ ಬಂತು, ಮಿಲ್ಲುಗಳು ಬಂದವು. ಭದ್ರಾ ನಾಲೆಯ ನೀರು ಹರಿದ ಮೇಲೆ ಆಂಧ್ರದ ರೈತರು ಬಂದು ಭತ್ತ ಹಾಕಿದರು. ಇಲ್ಲಿನ ಹೆಸರಾಂತ ಮನೆತನಗಳನ್ನು ಜನ ಕರೆಯುವುದು ಅವರು ಬಿಟ್ಟುಬಂದ ಹಳ್ಳಿಯ ಹೆಸರಿನಿಂದ. ಜಿಲ್ಲಾ ಆಸ್ಪತ್ರೆ ಹೊತ್ತಿರುವ ಚಿಗಟೇರಿ ಎಂಬ ಹೆಸರು ಹರಪನಹಳ್ಳಿ ತಾಲ್ಲೂಕಿನ ಒಂದು ಊರಿನದು. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಒಳಗೆ ಬಂದಿದ್ದ ಆ ತಾಲ್ಲೂಕು ಈಗ ವಿಜಯನಗರ ಜಿಲ್ಲೆಯಲ್ಲಿದೆ. ಹೆಳವ ಓದುವ ಮೂಲ ಊರು ಇಲ್ಲಿ ಬಹುತೇಕ ಎಲ್ಲರಿಗೂ ಬೇರೆ ಯಾವುದೋ ಊರು.

ಹೀಗೆ ಓದಿದಾಗ ಆ ಪುಸ್ತಕ ವಲಸೆಯ ದಾಖಲೆಯಾಗಿ ಕಾಣುತ್ತದೆ. ಆದರೆ ಮನೆಯವರು ಕೇಳಿಸಿಕೊಳ್ಳುವುದು ಹಾಗಲ್ಲ. ಎಷ್ಟು ಹಳಬರು, ಎಷ್ಟು ಶುದ್ಧರು ಎಂಬುದೇ ಕಿವಿಗೆ ಬೀಳುತ್ತದೆ. ಇದು ಇವತ್ತಿನ ಚಾಳಿಯೇನಲ್ಲ. ಹೊಯ್ಸಳ ಎರಡನೇ ನರಸಿಂಹನ ಮಂತ್ರಿ ಪೋಲಾಳ್ವ ದಂಡನಾಥ 1224ರಲ್ಲಿ ಹರಿಹರೇಶ್ವರ ದೇವಾಲಯ ಕಟ್ಟಿಸಿದ. ಒಳಗಿನ ಮೂರ್ತಿಯಲ್ಲಿ ಬಲಭಾಗ ಹರ, ಎಡಭಾಗ ಹರಿ. ಎರಡು ಮತಗಳ ಜಗಳ ಒಂದೇ ಮೈಯಲ್ಲಿ ತೀರಿಹೋಗಿರುವ ದೇವರು. ಬಿ.ಎಲ್. ರೈಸ್ ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ ಹನ್ನೊಂದನೇ ಸಂಪುಟದಲ್ಲಿ ಇಲ್ಲಿನ ಶಾಸನಗಳಿವೆ. ಹೊಯ್ಸಳರ ಶಾಸನಗಳು ಅರಸನ ವಂಶವನ್ನು ಸಳ, ಯದುಗಳನ್ನು ದಾಟಿಸಿ ಚಂದ್ರನವರೆಗೆ ಒಯ್ಯುತ್ತವೆ. ಭೇದ ಅಳಿಸುವ ದೇವರ ಗುಡಿಗೂ ಕಟ್ಟಿಸಿದವರ ವಂಶದ ಕಲ್ಲು ಬೇಕಾಯಿತು.

ಶುದ್ಧಿಯ ಮಾತನ್ನು ಲೆಕ್ಕಕ್ಕೆ ಹಚ್ಚಿ ನೋಡಬಹುದು. ಒಬ್ಬನಿಗೆ ಅಪ್ಪ ಅವ್ವ ಇಬ್ಬರು, ಅಜ್ಜ ಅಜ್ಜಿಯರು ನಾಲ್ವರು. ಹತ್ತು ತಲೆ ಹಿಂದಕ್ಕೆ ಹೋದರೆ 1,024 ಜನ. ಪುಸ್ತಕದ ಸಾಲಿನಲ್ಲಿ ಆ ಹತ್ತನೇ ತಲೆಗೆ ಇರುವುದು ಒಂದೇ ಹೆಸರು. ಉಳಿದ 1,023 ಜನರೂ ಅಷ್ಟೇ ಹಕ್ಕಿನ ಪೂರ್ವಜರು. ತಲೆಮಾರಿಗೆ 25 ವರ್ಷ ಹಿಡಿದರೆ ಕಲ್ಯಾಣದ ಕಾಲ 34 ತಲೆ ಹಿಂದೆ ಸಿಗುತ್ತದೆ. ಅಲ್ಲಿಗೆ ಲೆಕ್ಕ 1,700 ಕೋಟಿ ದಾಟುತ್ತದೆ. ಇವತ್ತು ಇಡೀ ಭೂಮಿಯ ಮೇಲಿರುವವರೇ ಸುಮಾರು 800 ಕೋಟಿ. ಅಂದರೆ ಅದೇ ಜನ ಸಾವಿರಾರು ದಾರಿಗಳಲ್ಲಿ ಮತ್ತೆ ಮತ್ತೆ ಎದುರಾಗಲೇಬೇಕು, ಮನೆತನಗಳು ಒಂದರೊಳಗೊಂದು ಹೆಣೆದುಕೊಂಡಿರಲೇಬೇಕು. ಶರಣರು ಅನುಭಾವದಿಂದ ಕಂಡುಕೊಂಡ ಬಂಧುತ್ವದ ಹತ್ತಿರಕ್ಕೆ ಶಾಲೆಯ ಗುಣಾಕಾರವೂ ಕರೆತರುತ್ತದೆ.

ಪುಸ್ತಕದ ಆ ಒಂದು ಹೆಸರಿನ ಸಾಲೂ ಅಖಂಡವೇನಲ್ಲ. ಎಸ್.ಎಲ್. ಭೈರಪ್ಪನವರ ‘ವಂಶವೃಕ್ಷ’ ಕಾದಂಬರಿ 1965ರಲ್ಲಿ ಬಂತು. ವಂಶದ ಧರ್ಮವನ್ನೇ ಉಸಿರಾಗಿಸಿಕೊಂಡ ಶ್ರೀನಿವಾಸ ಶ್ರೋತ್ರಿಗಳಿಗೆ ಕೊನೆಯಲ್ಲಿ ತಿಳಿಯುವುದು, ತಾವು ಹುಟ್ಟಿದ್ದೇ ಆ ವಂಶದ ಬೀಜದಿಂದಲ್ಲ ಎಂದು. ಎಷ್ಟೋ ತಲೆ ಗಂಡುಮಕ್ಕಳು ತಪ್ಪದೆ ಹುಟ್ಟಿದ ಮನೆ ಎಲ್ಲಿದೆ? ದತ್ತು ಬಂದವರು, ಮನೆಅಳಿಯರಾಗಿ ನಿಂತವರು, ಮಗಳ ಮಗ ಆಸ್ತಿ ಹಿಡಿದದ್ದು, ಇವೆಲ್ಲ ಕೂಡಿಯೇ ಸಾಲು ಮುಂದುವರಿದಿರುತ್ತದೆ.

ಹಾಗೆಂದು ಬೆಡಗು ಕೇಳುವುದೆಲ್ಲ ದುರಭಿಮಾನವಲ್ಲ. ಮದುವೆ ಮಾತುಕತೆಯಲ್ಲಿ ಬೆಡಗು ಒಂದೇ ಆದರೆ ಅಣ್ಣತಂಗಿ ವರಸೆ ಎಂದು ಸಂಬಂಧ ಕೈಬಿಡುತ್ತಾರೆ. ವೀರಶೈವ ಪಂಚಪೀಠಗಳಿಗೆ ಸೇರಿದ ಮನೆಗಳಲ್ಲಿ ವೀರ, ನಂದಿ, ಭೃಂಗಿ, ವೃಷಭ, ಸ್ಕಂದ ಎಂಬ ಐದು ಗೋತ್ರಗಳು ಇದೇ ಕೆಲಸ ಮಾಡುತ್ತವೆ. ಈ ಕಟ್ಟಳೆ ಹೆಣ್ಣು ತರಲು ಹೊರಗೆ ಹೋಗು ಎನ್ನುತ್ತದೆ, ಇನ್ನೊಂದು ಮನೆಯೊಂದಿಗೆ ಕೂಡು ಎನ್ನುತ್ತದೆ. ಕಲ್ಯಾಣದವರು ತಕರಾರು ತೆಗೆದದ್ದು, ಹೊರಗೆ ಹೋಗುವ ಆ ದಾರಿಗೆ ಜಾತಿಯ ಬೇಲಿ ಹಾಕಿದ್ದಕ್ಕೆ.

ಇನ್ನೊಂದು ತಕರಾರು ಬಾಕಿ ಇದೆ. ಹೆಳವರ ಸಾಲು ಸಾಮಾನ್ಯವಾಗಿ ಗಂಡಿನಿಂದ ಗಂಡಿಗೆ ನಡೆಯುತ್ತದೆ. ಬಸುರಿಯ ಎಂಟನೇ ತಿಂಗಳಲ್ಲಿ, ಹೊಟ್ಟೆಯಲ್ಲಿರುವುದು ಗಂಡೋ ಹೆಣ್ಣೋ ಎಂದು ಕೇಳದೆ ಗರ್ಭಕ್ಕೇ ಲಿಂಗಧಾರಣೆ ಮಾಡುವ ಧರ್ಮ ಲಿಂಗಾಯತರದು. ಅದೇ ಮಗು ಹೆಣ್ಣಾಗಿ ಹುಟ್ಟಿದರೆ ಮನೆತನದ ಪುಸ್ತಕದಲ್ಲಿ ಅದರ ಸಾಲು ಬೆಳೆಯುವುದಿಲ್ಲ. ನಾಡಕಚೇರಿಯ ವಂಶವೃಕ್ಷ ಪ್ರಮಾಣಪತ್ರದಲ್ಲಿ ಹೀಗೆ ಬಿಡುವಂತಿಲ್ಲ. ಕರ್ನಾಟಕ 1994ರಲ್ಲಿ, ಸಂಸತ್ತು 2005ರಲ್ಲಿ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಟ್ಟ ಮೇಲೆ, ಪೌತಿ ಖಾತೆಗೆ ಅರ್ಜಿ ಹಾಕುವ ಅಣ್ಣತಮ್ಮಂದಿರು ಕೊಟ್ಟ ಮನೆಯಲ್ಲಿರುವ ಅಕ್ಕತಂಗಿಯರ ಹೆಸರನ್ನೂ ಬರೆಸಬೇಕು. ದೀಕ್ಷೆ ಕೊಡುವ ಮಠಗಳ ಕಡೆಯಿಂದ ಎಂದೋ ಬರಬೇಕಿದ್ದ ತಿದ್ದುಪಡಿ ಕಂದಾಯ ಇಲಾಖೆಯ ಕಡೆಯಿಂದ ಬಂದಿದೆ, ಅದೂ ಜಮೀನಿನ ಕಾರಣಕ್ಕೆ. ಹೆಳವರು ಅದನ್ನು ಬರೆಯಲಾರರೆಂದೇನೂ ಇಲ್ಲ. ಕೊಟ್ಟ ಹೆಣ್ಣುಮಕ್ಕಳ ಹೆಸರನ್ನೂ ಅವರ ಮಕ್ಕಳ ಹೆಸರನ್ನೂ ಹೇಳಿ ಬರೆಸುವುದು ಯಜಮಾನರ ಕೈಯಲ್ಲಿದೆ.