ಸದಾಚಾರವೂ ಸದಾಚಾರದ ಹೆಮ್ಮೆಯೂ

ಒಳ್ಳೆಯವನನ್ನು ಹೊಗಳುವ ಶಬ್ದಕ್ಕೂ, ತಾನೇ ಒಳ್ಳೆಯವನೆಂದು ಬಗೆದವನನ್ನು ಹಳಿಯುವ ಶಬ್ದಕ್ಕೂ ಇಂಗ್ಲಿಷ್ ಭಾಷೆಯಲ್ಲಿ ಕೆಲವೆಡೆ ಕೂದಲೆಳೆಯಷ್ಟೇ ಅಂತರವಿದೆ. ಶಾಲೆಯ ಮಕ್ಕಳು ನೋಬಲ್, ವರ್ಚುಅಸ್, ರೈಟಿಯಸ್ ಎಂಬ ಮೂರಕ್ಕೂ ‘ಸಜ್ಜನ’ ಎಂದೊಂದೇ ಅರ್ಥವನ್ನು ಬಾಯಿಪಾಠ ಮಾಡಿ ಮುಂದೆ ಸಾಗುತ್ತಾರೆ. ಶಬ್ದಗಳ ಹುಟ್ಟನ್ನು ವಿಚಾರಿಸಿದರೆ ಮೂರೂ ಒಂದೇ ಮನೆಯವಲ್ಲವೆಂಬುದು ತಿಳಿದುಬರುವುದು.

ನೋಬಲ್ ಎಂಬುದು ಲ್ಯಾಟಿನ್ನಿನ ನೋಬಿಲಿಸ್ ಶಬ್ದದಿಂದ ಬಂದುದು. ಹೆಸರಾದವನು, ಉಚ್ಚಕುಲದವನು ಎಂಬುದೇ ಅದರ ಮೊದಲಿನ ಅರ್ಥ. ಹುಟ್ಟಿನ ಮೇಲ್ಮೆಯನ್ನೇ ಗುಣದ ಮೇಲ್ಮೆಯೆಂದು ತಿಳಿದಿದ್ದ ಕಾಲದ ಗುರುತು ಅದರ ಮೈಮೇಲೆ ಇಂದಿಗೂ ಇದೆ. ಕುಲವನ್ನು ಕೇಳದೆ ನಡೆಯನ್ನು ಕೇಳಿದ ಶರಣರ ನಾಡಿನವರಿಗೆ ಇದು ಸ್ವಲ್ಪ ಚುಚ್ಚದೆ ಇರದು. ವರ್ಚು ಎಂಬುದರ ಮೂಲದಲ್ಲಿರುವುದು ‘ವಿರ್’, ಎಂದರೆ ಗಂಡಸು. ರೋಮನರಿಗೆ ಅದು ಪೌರುಷವಾಗಿತ್ತು. ವಿಚಿತ್ರವೆಂದರೆ ಅದೇ ಶಬ್ದವು ಇಂಗ್ಲಿಷಿನಲ್ಲಿ ಹೆಣ್ಣಿನ ಶೀಲವೆಂಬ ಅರ್ಥವನ್ನೂ ಪಡೆಯಿತು. ರೈಟಿಯಸ್ ಮಾತ್ರ ಅಚ್ಚ ಹಳೆಯ ಇಂಗ್ಲಿಷ್. ಸರಿಯಾದ ರೀತಿಯಲ್ಲಿ ನಡೆಯುವವನು ಎಂದದರ ಭಾವ.

ಈ ರೈಟಿಯಸ್ ಎಂಬುದರ ಹಿಂದೆ ‘ಸೆಲ್ಫ್’, ಅರ್ಥಾತ್ ‘ತಾನು’ ಎಂಬುದೊಂದು ಬಂದು ಕುಳಿತಿತೆಂದರೆ ಹೊಗಳಿಕೆಯೆಲ್ಲ ತೆಗಳಿಕೆಯಾಗುತ್ತದೆ. ಸೆಲ್ಫ್‌ರೈಟಿಯಸ್ ಎಂದರೆ ಡಾಂಭಿಕನೆಂದು ಹೇಳಿಬಿಡುವುದುಂಟು, ಅದು ಸರಿಯಲ್ಲ. ಡಾಂಭಿಕನಿಗೆ ಇಂಗ್ಲಿಷಿನಲ್ಲಿ ಹಿಪೊಕ್ರಿಟ್ ಎಂಬ ಬೇರೆ ಹೆಸರೇ ಇದೆ. ಗ್ರೀಕರಲ್ಲಿ ಅದು ರಂಗದ ಮೇಲಿನ ನಟನ ಹೆಸರು. ನಟನಿಗೆ ತಾನು ವೇಷ ಹಾಕಿರುವುದು ಗೊತ್ತು. ನಡೆಯನ್ನೂ ನುಡಿಯನ್ನೂ ಎದುರುಬದುರಾಗಿ ಇಟ್ಟು ನೋಡಿದರೆ ಅವನು ಸಿಕ್ಕಿಬೀಳುತ್ತಾನೆ. ಸೆಲ್ಫ್‌ರೈಟಿಯಸ್ ಎನಿಸಿಕೊಂಡವನು ಹಾಗೆ ಸಿಕ್ಕಿಬೀಳುವವನಲ್ಲ. ಅವನು ನುಡಿದಂತೆ ನಡೆಯುತ್ತಿರಬಹುದು. ಅವನ ವ್ಯಾಧಿ ಕಠಿನವಾಗಿರುವುದು ಈ ಕಾರಣದಿಂದಲೇ.

ಲೂಕನ ಸುವಾರ್ತೆಯ ೧೮ನೆಯ ಅಧ್ಯಾಯದಲ್ಲಿ ಏಸುವು ಹೇಳಿದ ಕಥೆಯೊಂದಿದೆ. ಇಬ್ಬರು ಪ್ರಾರ್ಥನೆಗೆಂದು ದೇವಾಲಯಕ್ಕೆ ಹೋದರು. ಒಬ್ಬನು ಧರ್ಮನಿಯಮಗಳನ್ನು ಬಿಗಿಯಾಗಿ ಪಾಲಿಸುವ ಫರಿಸಾಯ. ಇನ್ನೊಬ್ಬನು ಜನರೆಲ್ಲ ಹಗೆಯುತ್ತಿದ್ದ ಸುಂಕದವನು. ಫರಿಸಾಯನು ತಾನು ಇತರರಂತೆ, ಅದರಲ್ಲೂ ಈ ಸುಂಕದವನಂತೆ, ಇಲ್ಲದುದಕ್ಕಾಗಿ ದೇವರಿಗೆ ಕೃತಜ್ಞತೆ ಹೇಳಿದನು. ವಾರಕ್ಕೆರಡು ಉಪವಾಸವನ್ನೂ ಆದಾಯದ ಹತ್ತನೆಯ ಪಾಲಿನ ದಾನವನ್ನೂ ನೆನಪಿಸಿದನು. ಸುಂಕದವನು ದೂರದಲ್ಲಿ ನಿಂತು, ಕಣ್ಣೆತ್ತದೆ, ಎದೆ ಬಡಿದುಕೊಂಡು ಕರುಣೆಯನ್ನು ಬೇಡಿದನು. ದೇವರು ಮೆಚ್ಚಿದುದು ಅವನನ್ನು.

ಫರಿಸಾಯನು ಸುಳ್ಳಾಡಿದನೆಂದು ಕಥೆ ಎಲ್ಲಿಯೂ ಹೇಳುವುದಿಲ್ಲ. ಉಪವಾಸವೂ ನಿಜ, ದಾನವೂ ನಿಜವೆಂದೇ ಇಟ್ಟುಕೊಳ್ಳಬೇಕು. ಹಾಗಾದರೆ ದೋಷವೆಲ್ಲಿ? ತನ್ನ ಎತ್ತರವನ್ನು ಅಳೆಯಲು ಅವನಿಗೆ ತಗ್ಗಿನಲ್ಲಿ ನಿಂತ ಒಬ್ಬನು ಬೇಕಾಯಿತು. ಸುಂಕದವನು ಆ ದಿನ ಅಲ್ಲಿಗೆ ಬಾರದಿದ್ದರೆ ಅವನ ಪ್ರಾರ್ಥನೆ ಅರ್ಧಕ್ಕೇ ನಿಲ್ಲುತ್ತಿತ್ತೇನೋ! ಒಂದು ದಿನವೂ ಪೂಜೆ ತಪ್ಪಿಸದ ಗೃಹಸ್ಥನು ತಪ್ಪಿಸಿದ ನೆರೆಯವನತ್ತ ಹಾಯಿಸುವ ಒಂದು ನೋಟದಲ್ಲಿ ಈ ಫರಿಸಾಯನು ಅಡಗಿರಬಹುದು. ಈ ಕಥೆ ಕೇಳಿ, ಸದ್ಯ ತಾನು ಆ ಫರಿಸಾಯನಂತಿಲ್ಲವಲ್ಲ ಎಂದು ಸಮಾಧಾನಗೊಂಡವನ ಗತಿಯೂ ಅದೇ.

ಸ್ಯಾಂಕ್ಟಿಮೋನಿಯಸ್ ಎಂಬ ಇನ್ನೊಂದು ಶಬ್ದದ ಇತಿಹಾಸವೂ ಸ್ವಾರಸ್ಯವಾದುದು. ಅದರ ಮೂಲಾರ್ಥ ಪವಿತ್ರ. ಸುಮಾರು ೧೬೧೧ರ ‘ದಿ ಟೆಂಪೆಸ್ಟ್’ ನಾಟಕದಲ್ಲಿ ಷೇಕ್ಸ್‌ಪಿಯರನು ಅದನ್ನು ವಿವಾಹವಿಧಿಗಳ ಪಾವಿತ್ರ್ಯಕ್ಕೆ ಬಳಸಿದನು. ಆದರೆ ಅದಕ್ಕೂ ಮೊದಲು, ಸುಮಾರು ೧೬೦೪ರ ‘ಮೆಷರ್ ಫಾರ್ ಮೆಷರ್’ ನಾಟಕದಲ್ಲಿ, ದಶಾಜ್ಞೆಗಳ ಫಲಕವನ್ನು ಹೊತ್ತು ಸಮುದ್ರಕ್ಕಿಳಿದ ಕಡಲ್ಗಳ್ಳನಿಗೆ ಅದೇ ವಿಶೇಷಣವನ್ನು ಕೊಟ್ಟಿದ್ದನು. ಕಳವು ಮಾಡಬಾರದೆಂಬ ಆಜ್ಞೆಯೊಂದನ್ನು ಮಾತ್ರ ಆ ಭಕ್ತನು ಕೆರೆದುಹಾಕಿದ್ದನಂತೆ! ಇಂದು ಉಳಿದಿರುವುದು ಕಡಲ್ಗಳ್ಳನ ಅರ್ಥವೇ.

ಹಾಗೆಂದು ಸರಿಯಾಗಿ ನಡೆಯುವವನು ತನ್ನ ನಡೆಯನ್ನು ಅರಿಯಲೇಬಾರದೇ? ಇಲ್ಲಿ ಇಂಟೆಗ್ರಿಟಿ ಎಂಬ ಶಬ್ದ ನೆರವಿಗೆ ಬರುತ್ತದೆ. ಇಂಟಿಜರ್ ಎಂದರೆ ಒಡೆಯದುದು, ಇಡಿಯಾದುದು. ಗಣಿತದ ಪೂರ್ಣಾಂಕಕ್ಕೂ ಅದೇ ಹೆಸರು. ಐದು ಪೂರ್ಣವಾಗಲು ನಾಲ್ಕೂವರೆಯನ್ನು ಹೀಗಳೆಯಬೇಕಾಗಿಲ್ಲ. ಒಳಗೂ ಹೊರಗೂ ಒಂದೇ ಆಗಿರುವವನಿಗೆ ಎದುರಿಗೊಬ್ಬ ಸುಂಕದವನ ಅಗತ್ಯವಿಲ್ಲ.

ಕೊನೆಗೆ, ಎಲ್ಲರಿಗೂ ಪರಿಚಿತವಾದ ಕ್ಯಾರಕ್ಟರ್. ಗ್ರೀಕಿನಲ್ಲಿ ಇದು ನಾಣ್ಯದ ಮೇಲೆ ಒತ್ತಿದ ಅಚ್ಚು. ಇಂಗ್ಲೆಂಡಿನ ಮನೆಗಳಲ್ಲಿ ಆಳು ಕೆಲಸ ಬಿಟ್ಟು ಹೋಗುವಾಗ ಯಜಮಾನನು ಅವನ ಗುಣವನ್ನು ಕುರಿತು ಬರೆದುಕೊಡುತ್ತಿದ್ದ ಕಾಗದಕ್ಕೂ ಕ್ಯಾರಕ್ಟರ್ ಎಂದೇ ಹೆಸರಿತ್ತು. ಅಂಥ ಕಾಗದವನ್ನು ಸುಳ್ಳಾಗಿ ಸೃಷ್ಟಿಸಿ ಹೊಸ ಮನೆಯ ಬಾಗಿಲು ತಟ್ಟುವವರಿಗೆ ದಂಡ ವಿಧಿಸುವ ಕಾಯಿದೆಯನ್ನು ಅಲ್ಲಿನ ಸಂಸತ್ತು ೧೭೯೨ರಲ್ಲಿ ಮಾಡಿತು.