ಚೆಲುವಿನ ಋಣ

ಸುಂದರವಾದುದೊಂದನ್ನು ಕಂಡು ಸಂತೋಷಪಡುವುದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲವೆಂದು ಸಾಮಾನ್ಯವಾಗಿ ನಾವೆಲ್ಲರೂ ತಿಳಿದಿರುವೆವು. ಬೆಟ್ಟ, ಹೊಳೆ, ಬೆಳದಿಂಗಳು ಇವುಗಳ ವಿಷಯದಲ್ಲಿ ಈ ತಿಳಿವಳಿಕೆಗೆ ಬಾಧೆಯೇನೂ ಇಲ್ಲ. ಅವನ್ನು ಮಾಡುವುದಕ್ಕಾಗಿ ಯಾರೂ ಬೆವರು ಸುರಿಸಿಲ್ಲ. ಆದರೆ ಮನುಷ್ಯನು ಕಟ್ಟಿದ ವಸ್ತುವಿನ ಮಾತು ಬೇರೆ. ಅರಮನೆಯೊಂದರ ಕಂಬವನ್ನು ನೋಡಿ ತಲೆದೂಗುವಾಗ, ಅದನ್ನು ಎಳೆದು ತಂದವನ ಹೊಟ್ಟೆಗೆ ಅಂದು ಕೂಳಿತ್ತೆ ಎಂಬ ಪ್ರಶ್ನೆ ಒಮ್ಮೆ ಮನಸ್ಸಿಗೆ ಬಂದಿತೆಂದರೆ ಮತ್ತೆ ಸುಲಭವಾಗಿ ಹೋಗುವುದಿಲ್ಲ. ಪರರ ಕಣ್ಣೀರಿನಿಂದ ಹುಟ್ಟಿದ ಚೆಲುವಿನಲ್ಲಿ, ಅದನ್ನು ತಿಳಿದೂ ಸುಖಿಸುವುದು ಸರಿಯೆ? ಇಂತಹ ಪ್ರಶ್ನೆಯನ್ನು ಗಾಳಿಯಲ್ಲಿ ನಿಲ್ಲಿಸಿ ಚರ್ಚಿಸಿದರೆ ಬರಿಯ ಮಾತು ಬೆಳೆಯುವುದೇ ಹೊರತು ಬೆಳಕು ಬರುವುದಿಲ್ಲ. ಆದುದರಿಂದ ಕೊರಿಯಾ ದೇಶದ ರಾಜಧಾನಿಯಾದ ಸಿಯೋಲ್ ನಗರದ ಒಂದು ಮಂಟಪವನ್ನು ಎದುರಿಗಿಟ್ಟುಕೊಂಡು ವಿಚಾರಮಾಡೋಣ.

ಆ ನಗರದ ಉತ್ತರಭಾಗದಲ್ಲಿ, ಬುಗಾಕ್ ಬೆಟ್ಟದ ತಪ್ಪಲಿನಲ್ಲಿ, ಗ್ಯೊಂಗ್‌ಬೊಕ್‌ಗುಂಗ್ ಎಂಬ ಅರಮನೆಯಿದೆ. ಅದರ ಸಿಂಹಾಸನಮಂದಿರದ ಹಿಂದೆ, ಪಶ್ಚಿಮದ ಕಡೆಗೆ, ಪೂರ್ವಪಶ್ಚಿಮವಾಗಿ 128 ಮೀಟರು, ದಕ್ಷಿಣೋತ್ತರವಾಗಿ 113 ಮೀಟರು ಅಳತೆಯ ಒಂದು ಚೌಕಕೊಳ. ಕೊಳದೊಳಗೆ ಕಲ್ಲು ಕಟ್ಟಿದ ಜಗಲಿ. ದಡದಿಂದ ಜಗಲಿಗೆ ಮೂರು ಕಲ್ಲುಸೇತುವೆಗಳು. ಜಗಲಿಯ ಮೇಲೆ ಗ್ಯೊಂಗ್‌ಹ್ವೇರು ಮಂಟಪ. ಕೆಳಗಿನ ಅಂತಸ್ತಿನಲ್ಲಿ ಗೋಡೆಗಳಿಲ್ಲ, ನಲವತ್ತೆಂಟು ಕಲ್ಲುಕಂಬಗಳು ಮಾತ್ರ ಇವೆ. ಹೊರಸಾಲಿನ ಇಪ್ಪತ್ತನಾಲ್ಕು ಚೌಕವಾದುವು, ಒಳಗಿನ ಇಪ್ಪತ್ತನಾಲ್ಕು ದುಂಡಾದುವು. ಮೇಲಿನ ಅಂತಸ್ತು ಮರದ್ದು. ಅದರ ನೆಲ ಸಮವಾಗಿಲ್ಲ. ಹೊರಗಿನಿಂದ ಒಳಕ್ಕೆ ಮೂರು ಹಂತಗಳಾಗಿ ಏರುತ್ತದೆ. ನಟ್ಟನಡುವಿನ ಮೂರು ಅಂಕಣ ಎಲ್ಲಕ್ಕಿಂತ ಎತ್ತರ. ಅದು ರಾಜನ ಸ್ಥಾನ. 1865ರಲ್ಲಿ ಜೊಂಗ್ ಹಾಕ್‌ಸುನ್ ಎಂಬ ಪಂಡಿತನು ಈ ಕಟ್ಟಡದ ಲೆಕ್ಕವನ್ನು ವಿವರಿಸಿ ಬರೆದಿದ್ದಾನೆ. ನಡುವಿನ ಮೂರು ಅಂಕಣಗಳು ಆಕಾಶ, ಭೂಮಿ, ಮನುಷ್ಯ ಎಂಬ ಮೂರು ತತ್ತ್ವಗಳು. ಅವುಗಳನ್ನು ಸುತ್ತಿದ ಹನ್ನೆರಡು ಅಂಕಣಗಳು ಹನ್ನೆರಡು ತಿಂಗಳುಗಳು. ಹೊರಗಿನ ಇಪ್ಪತ್ತನಾಲ್ಕು ಕಂಬಗಳು ವರ್ಷದ ಇಪ್ಪತ್ತನಾಲ್ಕು ಋತುಸಂಧಿಗಳು. ಮೇಲೆ ಹತ್ತಿ ನಿಂತವನಿಗೆ ಒಂದು ಕಡೆ ಬುಗಾಕ್, ಇನ್ನೊಂದು ಕಡೆ ಇನ್ವಾಂಗ್ ಬೆಟ್ಟ, ಕೆಳಗೆ ನೀರು. ಒಳಗಿನ ಕೊಠಡಿಯ ಬಾಗಿಲುಗಳನ್ನು ಮಡಿಸಿ ಮೇಲಕ್ಕೆತ್ತಿ ತೂಗುಹಾಕುವ ಏರ್ಪಾಡಿರುವುದರಿಂದ ಬೇಕೆಂದಾಗ ಗೋಡೆಯೇ ಮಾಯವಾಗುವುದು. ಸಾವಿರ ಕಂಬದ ವೈಭವವಿಲ್ಲ, ಬಂಗಾರದ ಹೊದಿಕೆಯಿಲ್ಲ. ಹೀಗಿದ್ದರೂ ಇಷ್ಟು ಭಾರವಾದ ಕಟ್ಟಡ ನೀರಿನ ಮೇಲೆ ಇಷ್ಟು ಹಗುರವಾಗಿ ಕುಳಿತಿರುವುದನ್ನು ನೋಡಿದವರು ಕೆಲವು ನಿಮಿಷ ಮಾತನಾಡಲಾರರು.

ಈ ಮಂಟಪದ ಹೆಸರಿನ ಅರ್ಥ ಮಂಗಳಸಮಾಗಮ, ಎಂದರೆ ಸಂತೋಷದ ಕೂಟ. ಮೊದಲು ಇಲ್ಲಿದ್ದ ಚಿಕ್ಕ ಕಟ್ಟಡವು ಜೌಗುನೆಲದಲ್ಲಿ ಕುಸಿದು ವಾಲಿತೆಂದು, 1412ರಲ್ಲಿ ತೇಜೊಂಗ್ ಎಂಬ ಅರಸನು ಪಾಕ್ ಜಾಚೊಂಗ್ ಎಂಬುವನ ಮೇಲ್ವಿಚಾರಣೆಯಲ್ಲಿ ಕೊಳವನ್ನು ಅಗಲಿಸಿ ತೋಡಿಸಿ ದೊಡ್ಡ ಮಂಟಪವನ್ನು ಕಟ್ಟಿಸಿದನು. ಮಂತ್ರಿಯಾದ ಹಾ ರ್ಯುನ್ ಅದರ ವಿವರಣೆಯನ್ನು ಬರೆದನು. ರಾಜನೂ ಮಂತ್ರಿಯೂ ಧರ್ಮದಿಂದ ಕೂಡಿದರೆ ಮಾತ್ರ ಅದು ಮಂಗಳಸಮಾಗಮವೆನಿಸುವುದು, ವಾಲಿದ ಮನೆಯನ್ನು ನೆಟ್ಟಗೆ ಮಾಡುವುದೂ ವಾಲಿದ ರಾಜ್ಯವನ್ನು ನೆಟ್ಟಗೆ ಮಾಡುವುದೂ ಒಂದೇ ಬಗೆಯ ಕೆಲಸ ಎಂಬುದು ಅದರ ತಾತ್ಪರ್ಯ. ಮಾತು ದೊಡ್ಡದು. ಆದರೆ ಈ ತೇಜೊಂಗನೇ 1398ರಲ್ಲಿ ತನ್ನ ಚಿಕ್ಕ ತಮ್ಮಂದಿರನ್ನು ಕೊಲ್ಲಿಸಿ ಸಿಂಹಾಸನದ ದಾರಿಯನ್ನು ತೆರವುಮಾಡಿಕೊಂಡವನು. ಹಾ ರ್ಯುನ್ ಅವನ ಪಕ್ಷದವನು. ಧರ್ಮದ ಹೆಸರನ್ನು ಎತ್ತರದಲ್ಲಿ ತೂಗುಹಾಕುವವರು ಎಲ್ಲ ಕಾಲದಲ್ಲಿಯೂ ಹೀಗೆಯೇ ಇರುವರೆಂದು ಹೇಳಿ ಮುಂದಕ್ಕೆ ಹೋಗಬಹುದು.

ಆ ಹೆಸರಿನ ಪರೀಕ್ಷೆ ನಡೆದದ್ದು 1455ರಲ್ಲಿ. ದಾನ್‌ಜೊಂಗ್ ಎಂಬ ಹದಿನಾಲ್ಕು ವರ್ಷದ ಬಾಲರಾಜನು ತನ್ನ ಚಿಕ್ಕಪ್ಪನಾದ ಸುಯಾಂಗನಿಗೆ ಹೆದರಿ ರಾಜ್ಯವನ್ನು ಒಪ್ಪಿಸಿದ್ದು ಇದೇ ಮಂಟಪದಲ್ಲಿ. ರಾಜಮುದ್ರೆಯನ್ನು ತಂದುಕೊಡುವ ಕೆಲಸ ಸೊಂಗ್ ಸಾಮ್‌ಮುನ್ ಎಂಬ ವಿದ್ವಾಂಸನ ಪಾಲಿಗೆ ಬಂದಿತು. ಅವನು ಮುದ್ರೆಯನ್ನು ಹಿಡಿದುಕೊಂಡು ಗಟ್ಟಿಯಾಗಿ ಅತ್ತನೆಂದು ಹೇಳುವರು. ಅವನ ಮಿತ್ರನಾದ ಪಾಕ್ ಪೆಂಗ್‌ನ್ಯೊನ್ ಆ ದಿನ ಈ ಕೊಳಕ್ಕೆ ಹಾರಿಕೊಳ್ಳಹೊರಟಾಗ, ಹುಡುಗ ಇನ್ನೂ ಬದುಕಿರುವಾಗ ನಾವು ಸಾಯಬಾರದು ಎಂದು ಸಾಮ್‌ಮುನ್ ತಡೆದನೆಂದೂ ಐತಿಹ್ಯವಿದೆ. ಮಾರನೆಯ ವರ್ಷವೇ ಬಾಲರಾಜನನ್ನು ಮತ್ತೆ ಪಟ್ಟಕ್ಕೆ ತರಲು ಯತ್ನಿಸಿ ಇಬ್ಬರೂ ಪ್ರಾಣ ತೆತ್ತರು. ಹುಡುಗನೂ 1457ರಲ್ಲಿ ಸತ್ತನು. ಸಂತೋಷಕೂಟವೆಂಬ ಹಲಗೆ ಮೇಲೆ ತೂಗುತ್ತಲೇ ಇತ್ತು.

ಅನಂತರ ಯೊನ್‌ಸಾನ್ ಎಂಬ ದುರುಳ ಅರಸನು ಇಲ್ಲಿ ನರ್ತಕಿಯರನ್ನು ಕೂಡಿಹಾಕಿ, ಕೊಳದ ಅಂಚಿಗೆ ಕೃತಕವಾದ ಗುಡ್ಡವನ್ನು ಮಾಡಿಸಿ, ದೋಣಿಯಾಟದಲ್ಲಿ ರಾಜ್ಯವನ್ನು ಮರೆತು, 1506ರಲ್ಲಿ ಪದಚ್ಯುತನಾದನು. ಅದನ್ನು ವಿಸ್ತರಿಸುವ ಅಗತ್ಯವಿಲ್ಲ. ಅಂತಹ ಅರಸರ ಕಥೆಗಳು ಒಂದನ್ನೊಂದು ಹೋಲುವುವು. 1592ರಲ್ಲಿ ಜಪಾನಿನ ಸೈನ್ಯ ಏರಿಬಂದಿತು, ರಾಜನು ಊರು ಬಿಟ್ಟು ಓಡಿದನು, ಅರಮನೆ ಉರಿಯಿತು. ಉರಿಸಿದವರು ಯಾರೆಂಬುದರಲ್ಲಿ ಇತಿಹಾಸಕಾರರಿಗೆ ಒಮ್ಮತವಿಲ್ಲ. ರಾಜನು ತಮ್ಮನ್ನು ಬಿಟ್ಟು ಹೋದನೆಂಬ ಕೋಪದಿಂದ ಊರಿನ ಜನರೇ ಬೆಂಕಿಯಿಟ್ಟರೆಂದು ಕೊರಿಯದ ರಾಜದಾಖಲೆಯೇ ಹೇಳುವುದು. ತಾವು ಒಳಹೊಕ್ಕಾಗ ಅರಮನೆ ನಿಂತಿತ್ತೆಂದು ಜಪಾನೀಯರ ಬರಹವೊಂದು ಹೇಳುವುದು. ಮೊದಲನೆಯದೇ ನಿಜವೆಂದಾದರೆ, ನಮ್ಮ ಪ್ರಶ್ನೆಗೆ ಜನರು ತಮ್ಮದೇ ರೀತಿಯಲ್ಲಿ ಒಮ್ಮೆ ಉತ್ತರ ಕೊಟ್ಟಂತಾಯಿತು. ಮುಂದೆ 275 ವರ್ಷಗಳ ಕಾಲ ಕೊಳದ ನಡುವೆ ಬರಿಯ ಕಲ್ಲುಕಂಬಗಳು ನಿಂತಿದ್ದವು. ಹದಿನೆಂಟನೆಯ ಶತಮಾನದ ಚಿತ್ರಕಾರನಾದ ಜೊಂಗ್ ಸೊನ್ ಆ ಬೋಳು ಕಂಬಗಳನ್ನೇ ಚಿತ್ರಿಸಿದ್ದಾನೆ.

ಇಂದು ನಾವು ನೋಡುವ ಮಂಟಪ 1867ರದು. ಗೋಜೊಂಗ್ ಎಂಬ ಬಾಲರಾಜನ ತಂದೆ ದೇವೊನ್‌ಗುನ್ ರಾಜ್ಯಭಾರವನ್ನು ನಡೆಸುತ್ತಿದ್ದ ಕಾಲ. ರಾಣಿಯರ ತವರಿನವರು ಅರುವತ್ತು ವರ್ಷ ರಾಜ್ಯವನ್ನು ನುಂಗಿಹಾಕಿದ್ದರು. ರಾಜತ್ವದ ಘನತೆಯನ್ನು ಮರಳಿ ನಿಲ್ಲಿಸಬೇಕೆಂದು ಅವನು 1865ರಲ್ಲಿ ಅರಮನೆಯ ಕೆಲಸವನ್ನು ಆರಂಭಿಸಿದನು. ಬೊಕ್ಕಸ ಬರಿದಾಗಿತ್ತು. ಮೊದಲು ಜನರಿಂದ ‘ವೊನ್ನಾಪ್’ ಹಣವನ್ನು ಕೇಳಿದನು; ಚೀನೀ ಅಕ್ಷರಗಳಲ್ಲಿ ಬರೆದರೆ ಇದಕ್ಕೆ ‘ಇಷ್ಟಪಟ್ಟು ಕೊಟ್ಟದ್ದು’ ಎಂದರ್ಥ. ಅದೇ ಉಚ್ಚಾರಣೆಯ ಇನ್ನೊಂದು ಅಕ್ಷರವನ್ನು ಹಾಕಿದರೆ ‘ಶಪಿಸುತ್ತ ಕೊಟ್ಟದ್ದು’ ಎಂದಾಗುವುದು. ಜನರು ಅದನ್ನು ಹಾಕಿಕೊಂಡು ನಕ್ಕರು. 1866ರಲ್ಲಿ ಕೂಡಿಹಾಕಿದ್ದ ಮರಮುಟ್ಟು ಬೆಂಕಿಗೆ ಆಹುತಿಯಾಯಿತು. ಕೆಲಸ ನಿಲ್ಲಲಿಲ್ಲ, ಮನೆತನಗಳ ಶ್ಮಶಾನದ ಮರಗಳಿಗೂ ಕೊಡಲಿ ಬಿದ್ದಿತು. ನಗರದ ಬಾಗಿಲುಗಳಲ್ಲಿ ಸುಂಕ ಕಟ್ಟಿದರು. ಅದೂ ಸಾಲದೆ ‘ದಾಂಗ್‌ಬೇಕ್’ ಎಂಬ ನಾಣ್ಯವನ್ನು ಟಂಕಿಸಿದರು. ಹೆಸರಿಗೆ ಅದು ಹಳೆಯ ನಾಣ್ಯದ ನೂರರಷ್ಟು. ಒಳಗಿದ್ದ ಲೋಹದ ಬೆಲೆ ಐದಾರರಷ್ಟು ಮಾತ್ರ. ಕೆಲವೇ ತಿಂಗಳುಗಳಲ್ಲಿ ಟಂಕಿಸುವುದನ್ನು ನಿಲ್ಲಿಸಬೇಕಾಯಿತು. ಅಷ್ಟರಲ್ಲಿ ಅಕ್ಕಿಯ ಬೆಲೆ ಬಡವರ ಕೈಗೆ ಎಟುಕದಂತೆ ಏರಿಹೋಗಿತ್ತು. ಕುತೂಹಲದ ಸಂಗತಿಯೆಂದರೆ, ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ ದಕ್ಷಿಣ ಕೊರಿಯದ ಹತ್ತುಸಾವಿರ ವೊನ್ ನೋಟಿನ ಹಿಂಬದಿಯಲ್ಲಿ ಹಲವು ವರ್ಷ ಅಚ್ಚಾಗಿದ್ದ ಚಿತ್ರ ಈ ಮಂಟಪದ್ದೇ. ಕೆಟ್ಟ ಹಣ ಕಟ್ಟಿದ ಮನೆ ಒಳ್ಳೆಯ ಹಣದ ಮೇಲೆ ಹೋಗಿ ಕುಳಿತಿತು.

ದೇವೊನ್‌ಗುನನನ್ನು ಬರಿಯ ಕ್ರೂರಿಯೆನ್ನುವುದೂ ನ್ಯಾಯವಲ್ಲ. ಹಿಂದೆ ತೆರಿಗೆಯನ್ನೇ ಕಾಣದಿದ್ದ ದೊಡ್ಡ ಮನೆತನಗಳ ಮೇಲೂ ಸೈನ್ಯದ ತೆರಿಗೆಯನ್ನು ಹೊರಿಸಿದವನು ಅವನೇ. ಇದರಿಂದ ನಮ್ಮ ಪ್ರಶ್ನೆ ಸುಲಭವಾಗುವುದಿಲ್ಲ, ಇನ್ನಷ್ಟು ತೊಡಕಾಗುವುದು.

ಈಗ ವಿಚಾರಕ್ಕೆ ಬರೋಣ. ನಮ್ಮ ಆಲಂಕಾರಿಕರ ಮಾರ್ಗವನ್ನು ಹಿಡಿದವರು ಹೀಗೆ ಹೇಳಬಹುದು: ರಸಾನುಭವದ ಕ್ಷಣದಲ್ಲಿ ತನ್ನದು, ಪರರದು ಎಂಬ ಲೌಕಿಕ ಸಂಬಂಧಗಳು ಕಳಚಿ ಬೀಳುವುವು; ಆದುದರಿಂದ ನೋಡುವವನ ಆನಂದಕ್ಕೆ ಕಟ್ಟಿಸಿದವನ ಪಾಪ ಅಂಟಲಾರದು. ಕಾವ್ಯದ ವಿಷಯದಲ್ಲಿ ಈ ಮಾತನ್ನು ಒಪ್ಪಬಹುದು. ನಾಟಕದಲ್ಲಿ ದ್ರೌಪದಿ ಅತ್ತರೆ ನಿಜವಾಗಿ ಯಾರ ಸೀರೆಯನ್ನೂ ಯಾರೂ ಎಳೆದಿರುವುದಿಲ್ಲ. ಆದರೆ ಕಟ್ಟಡದಲ್ಲಿ ಕಲ್ಲು ನಿಜವಾದ ಕಲ್ಲು, ಅದನ್ನು ಎಳೆದ ಬೆನ್ನೂ ನಿಜವಾದ ಬೆನ್ನು. ಲೌಕಿಕವನ್ನು ಕಳಚಿ ನೋಡುತ್ತೇನೆಂದರೆ, ನಾನು ಕಳಚಿದ್ದು ನನ್ನ ಸಂಬಂಧವನ್ನಲ್ಲ, ಅವನ ಬೆನ್ನನ್ನು. ರಸಸಿದ್ಧಾಂತವನ್ನು ಈ ಕೆಲಸಕ್ಕೆ ಬಳಸುವುದು ಆ ಸಿದ್ಧಾಂತಕ್ಕೇ ಅಪಚಾರವೆಂದು ನನ್ನ ಅಭಿಪ್ರಾಯ.

ಇದಕ್ಕೆ ತೀರ ವಿರುದ್ಧವಾದ ಪಕ್ಷವೂ ಇದೆ. ಅನ್ಯಾಯದಿಂದ ಹುಟ್ಟಿದುದರಲ್ಲಿ ಸಂತೋಷಪಡುವವನು ಆ ಅನ್ಯಾಯದಲ್ಲಿ ಪಾಲುಗಾರನೆಂದು ಅವರು ಹೇಳುವರು. ಈ ಮಾತು ಕಿವಿಗೆ ಶುದ್ಧವಾಗಿ ಕೇಳಿಸಿದರೂ, ಅದರಂತೆ ನಡೆದರೆ ಭೂಮಿಯ ಮೇಲೆ ಕಣ್ಣೆತ್ತಿ ನೋಡತಕ್ಕ ಕಟ್ಟಡವೊಂದು ಉಳಿಯುವುದು ಕಷ್ಟ. ಅಷ್ಟೇ ಅಲ್ಲ: ಕಲ್ಲು ಕಡೆದವನ ದುಡಿಮೆಯಲ್ಲಿ ಬಲಾತ್ಕಾರವಲ್ಲದೆ ಮತ್ತೇನೂ ಇರಲಿಲ್ಲವೆಂದು ಈ ಪಕ್ಷದವರು ತಿಳಿದಂತಿದೆ. ಹೊರಗಂಬ ಚೌಕವಾಗಿಯೂ ಒಳಗಂಬ ದುಂಡಾಗಿಯೂ ನುಣ್ಣಗೆ ಕಡೆಯಲ್ಪಟ್ಟಿರುವುದು ಚಾಟಿಯೇಟಿನಿಂದ ಮಾತ್ರವಲ್ಲ. ಕೂಲಿ ಸರಿಯಾಗಿ ಸಿಗದಿದ್ದ ದಿನವೂ ಉಳಿ ಹಿಡಿದ ಕೈಗೆ ತನ್ನದೊಂದು ಅಭಿಮಾನವಿತ್ತು. ನಾವು ಮುಖ ತಿರುಗಿಸಿದರೆ ಅರಸನಿಗೆ ಯಾವ ಶಿಕ್ಷೆಯೂ ಆಗಲಿಲ್ಲ. ಆ ಕೈಗೆ ಮಾತ್ರ ಎರಡನೆಯ ಸಲ ಕೂಲಿ ತಪ್ಪಿತು.

ಕಲ್ಲಿಗೆ ಪಾಪ ಅಂಟುವುದೇ ಇಲ್ಲವೆ? ಕೊರಿಯದವರು ಈ ಪ್ರಶ್ನೆಗೆ ನಮ್ಮ ಕಾಲದಲ್ಲಿಯೇ ಒಂದು ಉತ್ತರವನ್ನು ಕೊಟ್ಟಿದ್ದಾರೆ. 1910ರಲ್ಲಿ ಜಪಾನು ಆ ದೇಶವನ್ನು ನುಂಗಿದ ಮೇಲೆ, 1915ರಲ್ಲಿ ಈ ಅರಮನೆಯ ಆವರಣದಲ್ಲಿಯೇ ವಸ್ತುಪ್ರದರ್ಶನವನ್ನು ನಡೆಸುವ ನೆಪದಲ್ಲಿ ಅನೇಕ ಕಟ್ಟಡಗಳನ್ನು ಕೆಡವಿತು; ಸಿಂಹಾಸನಮಂದಿರವನ್ನು ಮರೆಮಾಡುವಂತೆ ಅದರ ಮುಂದೆ ತನ್ನ ಗವರ್ನರ್ ಜನರಲನ ಕಚೇರಿಯನ್ನು ಕಟ್ಟಿ 1926ರಲ್ಲಿ ಮುಗಿಸಿತು. ಕೊಳದ ಮಂಟಪವನ್ನು ಉಳಿಸಿಕೊಂಡು ತನ್ನ ಔತಣಗಳಿಗೆ ಬಳಸಿತು. ಸ್ವಾತಂತ್ರ್ಯ ಬಂದು ಐವತ್ತು ವರ್ಷಗಳಾದ ದಿನ, 1995ರ ಆಗಸ್ಟ್ 15ರಂದು, ಆ ಕಚೇರಿಯ ಶಿಖರವನ್ನು ಕತ್ತರಿಸಿ ಇಳಿಸಿದರು. ಮುಂದಿನ ವರ್ಷ ಕಟ್ಟಡವೆಲ್ಲ ನೆಲಸಮವಾಯಿತು. ಇಟ್ಟುಕೊಳ್ಳೋಣವೆಂದು ವಾದಿಸಿದವರೂ ಅಲ್ಲಿದ್ದರು, ಏಕೆಂದರೆ ಸ್ವತಂತ್ರ ಕೊರಿಯದ ಆರಂಭದ ದಿನಗಳು ನಡೆದದ್ದೂ ಅದರೊಳಗೇ. ಕೆಡವಿದ ಶಿಖರವನ್ನು ಚೊನಾನ್ ಊರಿನ ಸ್ವಾತಂತ್ರ್ಯ ಸ್ಮಾರಕಭವನದ ಬಳಿ, ಪಶ್ಚಿಮದ ದಿಕ್ಕಿನಲ್ಲಿ, ನೆಲಮಟ್ಟಕ್ಕಿಂತ ಕೆಳಗೆ ತೋಡಿದ ಗುಂಡಿಯಲ್ಲಿ ಇಟ್ಟಿದ್ದಾರೆ. ನೋಡುವವರು ಅದನ್ನು ಮೇಲಿನಿಂದ ಬಗ್ಗಿ ನೋಡಬೇಕು.

ಹಾಗಾದರೆ ಒಂದನ್ನು ಕೆಡವಿ ಇನ್ನೊಂದನ್ನು ಏಕೆ ಉಳಿಸಿದರು? ಕಚೇರಿ ಪರರದು, ಮಂಟಪ ತಮ್ಮದು ಎಂಬ ಅಭಿಮಾನ ಒಂದು ಕಾರಣವೆನ್ನುವುದರಲ್ಲಿ ಸಂದೇಹವಿಲ್ಲ. ಅಭಿಮಾನ ಮಾತ್ರವೇ ಕಾರಣವಾಗಿದ್ದರೆ ಅದು ನೀತಿಯ ವಿಷಯವಾಗುತ್ತಿರಲಿಲ್ಲ. ನನಗೆ ತೋರುವ ವ್ಯತ್ಯಾಸ ಬೇರೆ. ಕಚೇರಿಯು ನಿಂತಿರುವಷ್ಟು ಕಾಲವೂ ತಾನು ಹುಟ್ಟಿದ ಕೆಲಸವನ್ನು ಮಾಡುತ್ತಲೇ ಇತ್ತು: ಅರಮನೆಯನ್ನು ಮರೆಮಾಡುವುದೇ ಆ ಕೆಲಸ. ಅದರೊಳಗೆ ವಸ್ತುಸಂಗ್ರಹಾಲಯವನ್ನು ಇಟ್ಟರೂ ಗೋಡೆ ಗೋಡೆಯೇ. ಮಂಟಪದ ಅನ್ಯಾಯವಾದರೋ ಕಟ್ಟುವಾಗ ನಡೆದು ಮುಗಿದದ್ದು. ಇಂದು ಅದು ಯಾರ ಅಕ್ಕಿಯನ್ನೂ ಕಿತ್ತುಕೊಳ್ಳುತ್ತಿಲ್ಲ. ಮುಗಿದ ಅನ್ಯಾಯಕ್ಕೂ ನಡೆಯುತ್ತಿರುವ ಅನ್ಯಾಯಕ್ಕೂ ಒಂದೇ ತಕ್ಕಡಿ ಸಲ್ಲದು. ಆದರೂ ಮುಗಿದ ಅನ್ಯಾಯದ ಲೆಕ್ಕ ಅಷ್ಟಕ್ಕೇ ಚುಕ್ತವಾಗುವುದಿಲ್ಲ. ಸಾಲ ಕೊಟ್ಟವನೂ ಪಡೆದವನೂ ಇಬ್ಬರೂ ಸತ್ತಿರುವಾಗ ತೀರಿಸುವ ಮಾತಿಲ್ಲ. ಪತ್ರವನ್ನು ಹರಿದುಹಾಕದೆ ಇಟ್ಟುಕೊಳ್ಳುವ ಮಾತು ಮಾತ್ರ ಉಳಿಯುವುದು.

ಹಿಂದೆ ಈ ಕೊಳದ ಸುತ್ತಲೂ ಗೋಡೆಯಿದ್ದಿತು. ಹೊರಗಿನವರ ಕಣ್ಣಿಗೆ ಮಂಟಪ ಬೀಳುತ್ತಿರಲಿಲ್ಲ. ಗು ಜೊಂಗ್‌ಜಿಕ್ ಎಂಬ ಕೆಳದರ್ಜೆಯ ನೌಕರನೊಬ್ಬನು ಅದರ ಚೆಲುವನ್ನು ಕೇಳಿ ತಡೆಯಲಾರದೆ ರಾತ್ರಿ ಕದ್ದು ಒಳಹೊಕ್ಕನಂತೆ. ದುರದೃಷ್ಟಕ್ಕೆ ಅರಸನೇ ಎದುರಾದನು. ಏನು ಬಲ್ಲೆಯೆಂದು ಕೇಳಿದ್ದಕ್ಕೆ ಅವನು ಪ್ರಾಚೀನ ಚೀನೀ ಇತಿಹಾಸಗ್ರಂಥವಾದ ‘ವಸಂತ ಶರತ್ತು’ಗಳನ್ನು ಬಾಯಿಪಾಠವಾಗಿ ಒಪ್ಪಿಸಿದನು, ಅರಸನು ಮೆಚ್ಚಿ ಅವನಿಗೆ ದೊಡ್ಡ ಪದವಿಯನ್ನು ಕೊಟ್ಟನು. ಕಥೆಯನ್ನು ರಾಜನ ಔದಾರ್ಯಕ್ಕಾಗಿ ಹೇಳುವರು. ನನ್ನ ಮನಸ್ಸು ನಿಲ್ಲುವುದು ಆ ನೌಕರನು ಗೋಡೆಯ ಹೊರಗೆ ಕಳೆದ ಹಿಂದಿನ ರಾತ್ರಿಗಳಲ್ಲಿ. ತನ್ನ ಊರಿನವರೇ ಕಲ್ಲು ಹೊತ್ತು ಕಟ್ಟಿದ ಮನೆಯನ್ನು ನೋಡುವುದಕ್ಕೆ ಅವನು ಗ್ರಂಥವೊಂದನ್ನು ಬಾಯಿಪಾಠ ಮಾಡಿರಬೇಕಾಯಿತು. 2005ರಲ್ಲಿ ಮಂಟಪದ ಮೇಲಂತಸ್ತನ್ನೂ ಜನರಿಗೆ ತೆರೆದರು. ಚಳಿಗಾಲವನ್ನು ಬಿಟ್ಟು ಉಳಿದ ತಿಂಗಳುಗಳಲ್ಲಿ, ಮುಂಚಿತವಾಗಿ ಹೆಸರು ಕೊಟ್ಟ ಕೆಲವರನ್ನು ಗುಂಪುಗುಂಪಾಗಿ ಹತ್ತಿಸುವರು. ಅರಸನೊಬ್ಬನಿಗೆಂದು ಎತ್ತರಿಸಿದ ನಡುಮನೆಯ ಮುಂದೆ ಶಾಲೆಯ ಮಕ್ಕಳೂ ಮುದುಕಿಯರೂ ನಿಂತು ಬೆಟ್ಟವನ್ನು ನೋಡುವರು. ಇದನ್ನು ಪರಿಹಾರವೆಂದು ಕರೆಯುವುದು ಅತಿಶಯೋಕ್ತಿ. ಇದು ಏನೂ ಅಲ್ಲವೆನ್ನುವುದು ಇನ್ನೂ ದೊಡ್ಡ ತಪ್ಪು.

1997ರಲ್ಲಿ ಕೊಳದ ನೀರನ್ನು ಬತ್ತಿಸಿ ಹೂಳೆತ್ತಿದಾಗ ಕಂಚಿನ ಡ್ರಾಗನ್ ಒಂದು ಸಿಕ್ಕಿತು. ಬೆಂಕಿಯಿಂದ ಮಂಟಪವನ್ನು ಕಾಯಲೆಂದು ಕಟ್ಟಿದವರು ಎರಡನ್ನು ನೀರಿಗೆ ಬಿಟ್ಟಿದ್ದರೆಂದು ಹಳೆಯ ಬರಹದಲ್ಲಿತ್ತು. ಕಟ್ಟಿದ ಕಾಲದ ಇನ್ನೊಂದು ವಸ್ತುವೂ ಉಳಿದಿದೆ. ಅದನ್ನು ಯಾರೂ ನೀರಿಗೆ ಬಿಟ್ಟಿರಲಿಲ್ಲ. ಅದು ‘ಗ್ಯೊಂಗ್‌ಬೊಕ್‌ಗುಂಗ್ ತಾರ್ಯೊಂಗ್’ ಎಂಬ ಹಾಡು. ನಸುಕಿನಲ್ಲಿ ದಕ್ಷಿಣದ ಬಾಗಿಲು ತೆರೆಯುವುದನ್ನೂ, ಕೆಲಸಕ್ಕೆ ಬಂದ ಬಡಗಿ, ಕಲ್ಲುಕುಟಿಗರ ಗಡಿಬಿಡಿಯನ್ನೂ ಅದು ಹೇಳುವುದು. ಜನರ ಬೇಸರವನ್ನು ಕಳೆಯಲೆಂದು ದೇವೊನ್‌ಗುನನು ಮೇಳದವರನ್ನು ಕೆಲಸದ ಜಾಗಕ್ಕೆ ಕರೆಸುತ್ತಿದ್ದನಂತೆ. ಹಾಡು ಅಳುವಿನ ಹಾಡಲ್ಲ. ತಾಳ ಚುರುಕು, ಧಾಟಿ ಉಲ್ಲಾಸದ್ದು. ಕೇಳುವವರ ಕಾಲು ತಾನಾಗಿ ನೆಲವನ್ನು ತಟ್ಟುವುದು. ಮಾತಿನ ಅರ್ಥ ತಿಳಿದವರ ಕಾಲು ಒಂದು ಗಳಿಗೆ ತಡೆದು, ಮತ್ತೆ ತಟ್ಟುವುದು.