ಇಂದಿನ ಚಿಂತನೆ: ‘ಫೇಲ್’ ಎಂಬ ಮಾತನ್ನು ಓದುವುದು ಹೇಗೆ?



‘ಫೇಲ್’ ಎಂಬ ಮಾತಿಗೆ ನಮ್ಮ ಮನೆಗಳಲ್ಲಿ ತೂಕ ಜಾಸ್ತಿ. ಎಸ್ಸೆಸ್ಸೆಲ್ಸಿಯಲ್ಲಿ ಒಂದು ವಿಷಯ ಹೋದರೆ ಹುಡುಗ ಶಿಡ್ಲಘಟ್ಟದ ರೇಷ್ಮೆ ರೀಲಿಂಗ್ ಘಟಕದ ದಾರಿ ಹಿಡಿಯುತ್ತಾನೆ, ಹುಡುಗಿಗೆ ಗಂಡು ನೋಡಲು ಶುರುಮಾಡುತ್ತಾರೆ. ಹಾಗಾಗಿ ಆ ಮಾತನ್ನು ಯಾವುದಕ್ಕೆ ಹೋಲಿಸಿ ಹೇಳಿದರು ಎಂದು ನಾವು ಕೇಳಲೇಬೇಕು. ಇವತ್ತು ಅದನ್ನು ಕಂಪ್ಯೂಟರ್ ಲೋಕದ ಒಂದು ಉದಾಹರಣೆ ಹಿಡಿದು ಕೇಳೋಣ. ಕಂಪ್ಯೂಟರ್ ಗೊತ್ತಿಲ್ಲದವರು ಹೆದರಬೇಡಿ, ನಾನೂ ಕನ್ನಡ ಮೇಷ್ಟ್ರೇ.

ಪೋಸ್ಟ್‌ಗ್ರೆಸ್‌ಕ್ಯೂಎಲ್ ಎಂಬ ಡೇಟಾಬೇಸ್ ತಂತ್ರಾಂಶ ಇದೆ. ಹೆಸರು, ಲೆಕ್ಕ, ದಾಖಲೆಗಳನ್ನು ಜೋಡಿಸಿಟ್ಟು ಕೇಳಿದಾಗ ತೆಗೆದುಕೊಡುವ ಉಗ್ರಾಣ ಅದು. 1986ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಮೈಕೆಲ್ ಸ್ಟೋನ್‌ಬ್ರೇಕರ್ ಅವರ ತಂಡ ಶುರು ಮಾಡಿದ ಕೆಲಸ. ಈಗಿನ ಹೆಸರು ಬಂದದ್ದು 1996ರಲ್ಲಿ. ಕಾಸು ಕೊಡಬೇಕಿಲ್ಲ. ಅದರ ಮೂಲ ಬರಹವೇ ಎಲ್ಲರಿಗೂ ಮುಕ್ತ, ಬೇಕಾದವರು ತಂದು ತಮ್ಮ ಯಂತ್ರದಲ್ಲೇ ಕಟ್ಟಿಕೊಳ್ಳಬಹುದು. ನಮ್ಮ ಅಣ್ಣನ ಮಗಳು ಎಂಸಿಎ ಓದುತ್ತಿದ್ದಾಳೆ. ರಜೆಗೆ ಜಂಗಮಕೋಟೆಗೆ ಬಂದವಳು ಅದನ್ನು ಮೂಲದಿಂದ ಕಟ್ಟಿದಳು. ಕಟ್ಟಿದ ಮೇಲೆ ‘ಮೇಕ್ ಚೆಕ್’ ಎಂದು ಟೈಪ್ ಮಾಡಿದರೆ 200ರ ಆಸುಪಾಸು ಪರೀಕ್ಷೆಗಳು ಸಾಲಾಗಿ ನಡೆಯುತ್ತವೆ. ರಿಗ್ರೆಶನ್ ಟೆಸ್ಟ್ ಅನ್ನುತ್ತಾರೆ. ನಿನ್ನೆ ಸರಿಯಿದ್ದದ್ದು ಇವತ್ತು ಹಿಂದಕ್ಕೆ ಜಾರಿಲ್ಲ ತಾನೇ ಎಂಬ ತಪಾಸಣೆ. ಅವಳದರಲ್ಲಿ ಮೂರು ಫೇಲ್ ಅಂತ ಬಂತು. “ಚಿಕ್ಕಪ್ಪ, ಕೆಟ್ಟೋಯ್ತಾ ಇದು?” ಅಂದಳು.

ಅವಳು ವಿವರಿಸಿದ್ದನ್ನು ಕೇಳಿದಾಗ ನನಗೆ ಹಿಡಿಸಿದ್ದು ಆ ಪರೀಕ್ಷೆ ನಡೆಯುವ ರೀತಿ. ತಂತ್ರಾಂಶಕ್ಕೆ ಪ್ರಶ್ನೆ ಹಾಕುತ್ತಾರೆ, ಬಂದ ಉತ್ತರವನ್ನು ಒಂದು ಕಡತಕ್ಕೆ ಬರೆಯುತ್ತಾರೆ. ಪಕ್ಕದಲ್ಲಿ ಇನ್ನೊಂದು ಕಡತ ಇರುತ್ತದೆ: ಬೇರೆಲ್ಲೋ, ಬೇರೆ ಯಂತ್ರದಲ್ಲಿ ಮೊದಲೇ ಪಡೆದು ಇಟ್ಟ ‘ನಿರೀಕ್ಷಿತ ಉತ್ತರ’. ಎರಡನ್ನೂ ಸಾಲು ಸಾಲಾಗಿ ಹೋಲಿಸುತ್ತಾರೆ. ಒಂದು ಅಕ್ಷರ ಆಚೀಚೆ ಆದರೂ ಫೇಲ್. ಅಂದರೆ ಆ ಪದಕ್ಕೆ ಅಲ್ಲಿ ಇರುವ ಅರ್ಥ ಇಷ್ಟೇ: ಎರಡು ಹಾಳೆ ಒಂದಕ್ಕೊಂದು ಹೊಂದಲಿಲ್ಲ. ಯಂತ್ರದ ಕೆಲಸ ಅಲ್ಲಿಗೆ ಮುಗಿಯಿತು. ವ್ಯತ್ಯಾಸವನ್ನೆಲ್ಲ ಒಂದು ಕಡತದಲ್ಲಿ ಬರೆದಿಟ್ಟು ಸುಮ್ಮನಾಗುತ್ತದೆ. ತಪ್ಪೋ ಅಲ್ಲವೋ ಎಂದು ಮನುಷ್ಯರೇ ಕಣ್ಣಿಟ್ಟು ಓದಿ ಹೇಳಬೇಕು. ಇದನ್ನು ತಂತ್ರಾಂಶದ ಕೈಪಿಡಿಯೇ ಒಪ್ಪಿಕೊಳ್ಳುತ್ತದೆ. ಸರಿಯಾಗಿ ಕಟ್ಟಿದ ತಂತ್ರಾಂಶವೂ ಕೆಲವು ಪರೀಕ್ಷೆಗಳಲ್ಲಿ ಫೇಲಾಗಬಹುದು ಅನ್ನುತ್ತದೆ. ದಶಮಾಂಶದ ಬಲಕ್ಕೆ ಹತ್ತು ಸ್ಥಾನ ದಾಟಿದ ಮೇಲೆ ಅಂಕೆ ಬದಲಾಗಬಹುದು. ದೋಷದ ಸಂದೇಶ ಒಂದೊಂದು ಯಂತ್ರದಲ್ಲಿ ಒಂದೊಂದು ಮಾತಿನಲ್ಲಿ ಬರಬಹುದು. ಯಾವ ಕ್ರಮದಲ್ಲಿ ಕೊಡು ಎಂದು ಕೇಳದೇ ಇದ್ದಾಗ ಸಾಲುಗಳು ಹಿಂದುಮುಂದಾಗಿ ಬರಬಹುದು. ಪರೀಕ್ಷೆ ನಡೆಯುವಷ್ಟು ಹೊತ್ತು ಅದು ತನ್ನ ಗಡಿಯಾರವನ್ನು ಅಮೆರಿಕದ ಪಶ್ಚಿಮ ಕರಾವಳಿಯ ಸಮಯಕ್ಕೆ ತಿರುಗಿಸಿಕೊಳ್ಳುತ್ತದೆಯಂತೆ, ಯಂತ್ರ ಇರುವುದು ಜಂಗಮಕೋಟೆಯಲ್ಲಾದರೂ. ನಿರೀಕ್ಷಿತ ಉತ್ತರ ಬರೆದದ್ದು ಆ ಸಮಯದ ಲೆಕ್ಕದಲ್ಲಿ. ತನ್ನ ಅಳತೆಗೋಲು ಎಲ್ಲಿಯದು ಎಂದು ಇಷ್ಟು ಬಾಯಿಬಿಟ್ಟು ಹೇಳುವ ಪರೀಕ್ಷೆಯನ್ನು ನಾನು ಶಾಲೆಯಲ್ಲಿ ಕಂಡಿಲ್ಲ.

ಇನ್ನೊಂದು ಸಂಗತಿಗೆ ನಗು ಬಂತು. ಯಂತ್ರದ ಮೇಲೆ ಸರ್ವಾಧಿಕಾರ ಇರುವ ಬಳಕೆದಾರನಿಗೆ ‘ರೂಟ್’ ಅನ್ನುತ್ತಾರೆ. ಅವನು ಈ ಪರೀಕ್ಷೆ ನಡೆಸುವಂತಿಲ್ಲ. ಸಾಮಾನ್ಯ ಬಳಕೆದಾರನಾಗಿಯೇ ನಡೆಸಬೇಕು. ಕಾರಣ ಸುರಕ್ಷತೆಯದು, ಆದರೂ ಹೇಳಬೇಕೆನಿಸಿತು.

ನಮ್ಮ ಹುಡುಗಿಯ ಯಂತ್ರದಲ್ಲಿ ಭಾಷೆಯ ಸ್ಥಳ ಕನ್ನಡ ಎಂದಿತ್ತು. ಮೂರರಲ್ಲಿ ಎರಡು ಫೇಲ್ ಬಂದದ್ದು ಅದರಿಂದ. ಸಾಲುಗಳೆಲ್ಲ ಇದ್ದವು, ಕ್ರಮ ಬೇರೆ. ನಿರೀಕ್ಷಿತ ಕಡತದ ಕ್ರಮದಲ್ಲಿ ಇಂಗ್ಲಿಷಿನ ದೊಡ್ಡಕ್ಷರಗಳೆಲ್ಲ ಮುಗಿದ ಮೇಲೆ ಸಣ್ಣಕ್ಷರ. ಅವಳದರಲ್ಲಿ ಎರಡೂ ಬೆರೆತಿದ್ದವು. ಈ ಕ್ರಮದ ವಿಷಯ ನಾನು ಬಲ್ಲೆ. ನಮ್ಮ ವರ್ಣಮಾಲೆಯಲ್ಲಿ ‘ಳ’ ಬರುವುದು ‘ಹ’ ಆದ ಮೇಲೆ. ನಿಘಂಟಿನಲ್ಲಿ ‘ಬಸದಿ’ ಮೊದಲು, ‘ಬಳೆ’ ಆಮೇಲೆ. ಕಂಪ್ಯೂಟರಿನಲ್ಲಿ ಅಕ್ಷರಗಳಿಗೆ ಕೊಟ್ಟ ಸಂಖ್ಯೆಯ ಪ್ರಕಾರ ಜೋಡಿಸಿದರೆ ‘ಬಳೆ’ ಮೊದಲು. ಯಾಕೆಂದರೆ ಯೂನಿಕೋಡ್‌ನಲ್ಲಿ ಭಾರತದ ಲಿಪಿಗಳಿಗೆ ಹೆಚ್ಚುಕಡಿಮೆ ಒಂದೇ ಅಚ್ಚು. ದೇವನಾಗರಿಯಲ್ಲಿ ಕೂತಂತೆ ಕನ್ನಡದ ‘ಳ’ವನ್ನೂ ‘ಲ’ದ ಪಕ್ಕ ಕೂರಿಸಿದರು. ಆ ಪಟ್ಟಿಗೆ ಹೋಲಿಸಿದರೆ ನಮ್ಮ ನಿಘಂಟು ಫೇಲ್.

ತರಗತಿಯಲ್ಲಿ ಇದನ್ನು ದಿನಾ ನೋಡುತ್ತೇನೆ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಮಾತು ತೆಲುಗು. ಕನ್ನಡ ಆಡುವ ಮನೆಯಲ್ಲೂ ಹಾಲು ‘ಆಲು’, ಹಸು ‘ಅಸು’. ಕೇರಿಯ ಮಗು ಹಾಗೇ ಬರೆಯುತ್ತದೆ, ಕೆಂಪು ಗೆರೆ ಬೀಳುತ್ತದೆ. ಗ್ರಂಥದ ಕನ್ನಡ ಕಲಿಸಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಮಗುವಿನ ಬುದ್ಧಿ ಕೆಟ್ಟಿದೆ ಎಂದು ಆ ಗೆರೆ ಹೇಳುತ್ತಿಲ್ಲ.

ಇಲ್ಲಿಗೆ ನಿಲ್ಲಿಸಿದರೆ ಎಲ್ಲರಿಗೂ ಸಮಾಧಾನ. ನನಗೆ ಸಮಾಧಾನವಿಲ್ಲ. ಯಾಕೆಂದರೆ ಈ ‘ಹಿನ್ನೆಲೆ ಬೇರೆ’ ಎಂಬ ಮಾತಿನ ಮರೆಯಲ್ಲಿ ನಿಜವಾದ ದೋಷವೂ ಅಡಗಿ ಕೂರುತ್ತದೆ. 2018ರ ಆಗಸ್ಟಿನಲ್ಲಿ ಲಿನಕ್ಸ್ ಯಂತ್ರಗಳು ಬಳಸುವ ಗ್ಲಿಬ್‌ಸಿ ಎಂಬ ಗ್ರಂಥಾಲಯದ 2.28ನೇ ಆವೃತ್ತಿ ಬಂತು. ಅದರಲ್ಲಿ ಅಕ್ಷರಗಳ ಕ್ರಮ ಬದಲಾಯಿತು. ಬರೀ ಕ್ರಮ ತಾನೇ? ಆದರೆ ಹಳೆಯ ಕ್ರಮದಲ್ಲಿ ಕಟ್ಟಿದ್ದ ಸೂಚಿಗಳನ್ನು ಹೊಸ ಕ್ರಮದಲ್ಲಿ ಹುಡುಕಿದಾಗ, ಒಳಗೆ ಇರುವ ಹೆಸರೇ ಇಲ್ಲ ಎಂಬ ಉತ್ತರ ಬರುವ ಅಪಾಯ ಹುಟ್ಟಿತು. ಸೂಚಿಗಳನ್ನು ಮತ್ತೆ ಕಟ್ಟಬೇಕಾಯಿತು. ಪಡಿತರದ ಪಟ್ಟಿಯಲ್ಲಿ ಹೆಸರಿದ್ದೂ ಸಿಗದಿದ್ದರೆ ಏನಾಗುತ್ತದೆ ಎಂದು ನಮಗೆ ಬಿಡಿಸಿ ಹೇಳಬೇಕಿಲ್ಲ.

ಏಳನೇ ತರಗತಿಯ ಹುಡುಗನಿಗೆ ದಶಕ ಎರವಲು ತೆಗೆದು ಕಳೆಯಲು ಬರುವುದಿಲ್ಲ. “ಪಾಪ, ಅವರ ಮನೆ ವಾತಾವರಣ ಹಾಗೆ” ಎಂದು ಮುಂದಿನ ತರಗತಿಗೆ ದಾಟಿಸುತ್ತಾರೆ. ಇದು ಕರುಣೆಯ ವೇಷದಲ್ಲಿ ಬರುತ್ತದೆ, ನಮ್ಮವರೇ ಹಲವರು ಕೈಮುಗಿದು ಸ್ವೀಕರಿಸುತ್ತಾರೆ. ನನ್ನ ಮಟ್ಟಿಗೆ ಕೆಂಪು ಗೆರೆಗಿಂತ ಇದು ಕ್ರೂರ. ಗೆರೆಯನ್ನು ಮಗು ಪ್ರಶ್ನಿಸಬಹುದು. ಈ ಪಾಪ ಎಂಬುದನ್ನು ಏನೆಂದು ಪ್ರಶ್ನಿಸುತ್ತದೆ? ಇದಕ್ಕಿಂತ ಸುಲಭದ ದಾರಿಯೂ ಇದೆ ಎಂದು ಹುಡುಗಿ ಹೇಳಿದಳು. ಬಂದ ಉತ್ತರವನ್ನೇ ನಿರೀಕ್ಷಿತ ಕಡತದ ಮೇಲೆ ನಕಲು ಮಾಡಿಬಿಟ್ಟರೆ ಎಲ್ಲವೂ ಪಾಸು. ತಂತ್ರಾಂಶ ಎಳ್ಳಷ್ಟೂ ಸುಧಾರಿಸಿರುವುದಿಲ್ಲ. ಬಲ್ಲವರು ಹಾಗೆ ಮಾಡುವುದಿಲ್ಲವಂತೆ. ವ್ಯತ್ಯಾಸ ನಿರಪಾಯ ಎಂದು ಖಾತ್ರಿಯಾದ ಮೇಲೆ ಹಳೆಯದರ ಪಕ್ಕದಲ್ಲಿ ‘ಇದೂ ಸರಿ’ ಎಂದು ಎರಡನೇ ಉತ್ತರದ ಕಡತವನ್ನು ಸೇರಿಸುತ್ತಾರೆ. ಹಳೆಯದೂ ಇರುತ್ತದೆ.

ಕಾಲಾಮರಿಗೆ ಬುದ್ಧರು ಹೇಳಿದ್ದನ್ನು ನಮ್ಮಲ್ಲಿ ಅರ್ಧ ನೆನಪಿಡುವವರು ಜಾಸ್ತಿ. ಪರಂಪರೆಯಿಂದ ಬಂತು, ಗ್ರಂಥದಲ್ಲಿದೆ ಎಂಬ ಕಾರಣಕ್ಕೆ ಒಪ್ಪಬೇಡಿ ಎಂಬುದು ಎಲ್ಲರಿಗೂ ಗೊತ್ತು. ಬರೀ ತರ್ಕಕ್ಕೆ ಹೊಂದುತ್ತದೆ ಎಂಬ ಕಾರಣಕ್ಕೂ ಒಪ್ಪಬೇಡಿ ಎಂಬುದು ಅದೇ ಪಟ್ಟಿಯಲ್ಲಿದೆ. ‘ಹಿನ್ನೆಲೆ ಬೇರೆ’ ಎಂಬ ನಮ್ಮ ತರ್ಕವೂ ಅದರೊಳಗೆ ಬರುತ್ತದೆ.

ಒಂದು ಪರೀಕ್ಷೆಯಲ್ಲಿ ತಂತ್ರಾಂಶ ಕುಸಿದುಬಿದ್ದರೆ ಅದೇ ಹೊತ್ತಿಗೆ ಗುಂಪಿನಲ್ಲಿ ನಡೆಯುತ್ತಿದ್ದ ಬೇರೆ ಪರೀಕ್ಷೆಗಳ ಸಂಪರ್ಕವೂ ಕಡಿದು ಅವೂ ಫೇಲಾಗುತ್ತವಂತೆ. ಅಂಥಾ ಕಡೆ ಒಟ್ಟು ಎಣಿಕೆ ನೋಡಿ ಪ್ರಯೋಜನವಿಲ್ಲ, ಮೊದಲು ಬಿದ್ದದ್ದು ಯಾವುದೆಂದು ಹುಡುಕಬೇಕು. ನಮ್ಮ ಹುಡುಗಿಯದರಲ್ಲಿ ಹಾಗೇನೂ ಆಗಿರಲಿಲ್ಲ. ಭಾಷೆಯ ಸ್ಥಳ ತೆಗೆದು ಮತ್ತೆ ಓಡಿಸಿದಾಗ ಎರಡು ಪಾಸಾದವು. ಮೂರನೆಯದು ಮತ್ತೂ ಫೇಲ್. ಅದಕ್ಕೂ ಭಾಷೆಗೂ ಸಂಬಂಧವಿಲ್ಲ ಎಂಬುದು ಆಗ ಗೊತ್ತಾಯಿತು. ವ್ಯತ್ಯಾಸದ ಕಡತವನ್ನು ಮೊದಲ ಸಾಲಿನಿಂದ ಓದುತ್ತಿದ್ದಾಳೆ.